ಬೇರು ಮರೆಯಬೇಡಿ ಎನ್ನುವವರಿಗೆ

ಊರಿನ ಪ್ರತಿಭಾ ಪುರಸ್ಕಾರ ಈಗಷ್ಟೇ ಮುಗಿಯಿತು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡಿದರು. ಹೇಳಿದ್ದು ಎರಡೇ: ಓದಿ ದೊಡ್ಡವರಾಗಿ, ಬೇರು ಮರೆಯಬೇಡಿ. ಎರಡನೆಯದನ್ನು ಹೇಳುವಾಗ ನನ್ನ ಕಡೆಗೇ ನೋಡಿದರು. ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರ ಇದ್ದುದರಿಂದ ಸುಮ್ಮನಿದ್ದೆ.

ಈ ಉಪದೇಶ ಯಾವಾಗಲೂ ಊರು ಬಿಟ್ಟವನಿಗೇ ಏಕೆ? ಐದನೆಯ ತರಗತಿಯಲ್ಲಿ ನನ್ನಿಂದ ನವೋದಯ ಎಂಬ ಕೇಂದ್ರ ಸರ್ಕಾರದ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸಿದ್ದು ಊರೇ, ಪಾಸಾದಾಗ ಪೇಢೆ ಹಂಚಿದ್ದೂ ಊರೇ. ಆರನೆಯದಕ್ಕೆ ಟ್ರಂಕು ಹೊತ್ತು ಹೊರಟೆ. ಒಂಬತ್ತನೆಯದಕ್ಕೆ, ಬೇರೆ ಭಾಷೆಯ ರಾಜ್ಯಗಳ ನವೋದಯಗಳ ನಡುವೆ ಮಕ್ಕಳನ್ನು ಅದಲುಬದಲು ಮಾಡುವ ವಲಸೆ ಯೋಜನೆಯಡಿ, ಒಂದು ವರ್ಷ ಹಿಂದಿ ರಾಜ್ಯಕ್ಕೆ ಕಳಿಸಿದರು. ಅದಕ್ಕೆ ರಾಷ್ಟ್ರೀಯ ಭಾವೈಕ್ಯ ಎನ್ನುತ್ತಾರೆ. ಅವ್ವನಿಗೆ ಆ ಜಿಲ್ಲೆಯ ಹೆಸರು ಕೊನೆಯವರೆಗೂ ಬಾಯಿಗೆ ಬರಲಿಲ್ಲ.

ಶಾಲೆಯನ್ನು ದೂರುತ್ತಿಲ್ಲ. ಅಲ್ಲಿ ಶೇಕಡಾ 75 ಸೀಟು ಹಳ್ಳಿಯ ಮಕ್ಕಳಿಗೆ ಇರದಿದ್ದರೆ, ಊಟ, ವಸತಿ, ಪುಸ್ತಕ ಬಿಟ್ಟಿಯಾಗಿ ಸಿಗದಿದ್ದರೆ ನಾನು ಇವತ್ತು ವೇದಿಕೆಯ ಮೇಲಲ್ಲ, ಶಾಮಿಯಾನದ ಗೂಟ ಹೊಡೆಯುತ್ತಿದ್ದೆ.

ಬೆಂಗಳೂರಿನಲ್ಲಿ ಸಹೋದ್ಯೋಗಿಗಳು ಬಾಲ್ಯದ ಪ್ರವಾಸಗಳನ್ನು ನೆನೆಯುತ್ತಾರೆ. ದಸರೆ ರಜೆಯೆಂದರೆ ನನಗೆ ಶೇಂಗಾ ಕೀಳುವುದು ಎಂದರೆ, ‘ಎಂಥ ಸ್ಫೂರ್ತಿ!’ ಎನ್ನುತ್ತಾರೆ. ಸ್ಫೂರ್ತಿಯನ್ನು ಯಾರೂ ಭಾನುವಾರ ಊಟಕ್ಕೆ ಕರೆಯುವುದಿಲ್ಲ.

ಅದು ಹೋಗಲಿ, ಪರರ ಊರು. ಇಲ್ಲಿ? ನಾನು ಒಳಗೆ ಬಂದರೆ ಕುರ್ಚಿ ಬರುತ್ತದೆ, ಮಾತು ನಿಲ್ಲುತ್ತದೆ. ಸೊಸೈಟಿ ಸಾಲ, ದೊಡ್ಡಪ್ಪನವರ ಜೊತೆಗಿನ ಬದುವಿನ ತಕರಾರು, ಎತ್ತು ಮಾರಿದ್ದು, ಎಲ್ಲವೂ ಮುಗಿದ ಮೇಲೆಯೇ ನನ್ನ ಕಿವಿಗೆ ಬೀಳುವುದು. ಅಪ್ಪನಿಗೆ ಎದೆನೋವು ಬಂದಾಗಲೂ ಅಷ್ಟೇ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಫೋನ್ ಮಾಡಿದರು. ‘ನಿನಗೆ ಮೀಟಿಂಗ್ ಇರುತ್ತದಲ್ಲ, ತೊಂದರೆ ಏಕೆ?’ ಯಾವ ಮೀಟಿಂಗೂ ಇರಲಿಲ್ಲ. ಬಾಡಿಗೆ ಮನೆಯಲ್ಲಿ ಒಬ್ಬನೇ ಬಿದ್ದುಕೊಂಡು ಯಾವುದೋ ಹಳೆಯ ಕ್ರಿಕೆಟ್ ಪಂದ್ಯ ನೋಡುತ್ತಿದ್ದೆ. ಯಾರು ಯಾರನ್ನು ಮರೆತದ್ದು ಸ್ವಾಮಿ?

ಹೊಟ್ಟೆ ತುಂಬಿದವನ ಕೊರಗು ಎನ್ನುವವರು ಕೆಳಗೆ ಕಮೆಂಟಿಗೆ ಬರುತ್ತೀರಿ, ಗೊತ್ತು. ಹೌದು, ತುಂಬಿದೆ. ಹಸಿದಿದ್ದಾಗ ಕೊರಗಲು ಪುರುಸೊತ್ತು ಇರಲಿಲ್ಲ, ಈಗ ಇದೆ.

ನಾಳೆ ನಮ್ಮ ಹೊಲದಲ್ಲಿ ಕೊಳವೆಬಾವಿಗೆ ಜಾಗ ಗುರುತಿಸಲು ಜನ ಬರುತ್ತಾರಂತೆ. ಅದೂ ಪಕ್ಕದ ಮನೆಯವರಿಂದ ತಿಳಿಯಿತು. ರಜೆ ಮುಂದುವರಿಸಿದ್ದೇನೆ. ‘ನಿನಗೇಕೆ ಬಿಸಿಲು’ ಎಂದ ತಮ್ಮನ ಜೊತೆ ಬಾಯ್ತುಂಬ ಜಗಳವಾಡಿ ಬಂದು ಇದನ್ನು ಬರೆಯುತ್ತಿದ್ದೇನೆ. ಅವನೂ ಬಿಡಲಿಲ್ಲ, ಚೆನ್ನಾಗಿಯೇ ಬೈದ.