ಇಂಚಿಗೊಂದು ವರ್ಷ

"ಶಿರಸಿಯಲ್ಲಿ ಮರಗೆಲಸದ ಆಚಾರ್ರಿಗೆ ಕೆಲಸ ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಸಿಗ್ತದೆ" ಎಂದು ಮೊನ್ನೆ ಮದುವೆ ಮನೆಯಲ್ಲಿ ಒಬ್ಬರು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಇದೇ ಮಾತನ್ನು ಇನ್ನೂ ಜೋರಾಗಿ ಆಡಿದವಳು ನಾನು.

2023ರ ಮಳೆಗಾಲದ ಗಾಳಿಗೆ ನಮ್ಮ ಹಿತ್ತಲಿನ ಹಲಸಿನ ಮರ ಬಿತ್ತು. ಮಿಲ್ಲಿನಲ್ಲಿ ಒಂದೂವರೆ ಇಂಚಿನ ಹಲಗೆ ಕೊಯ್ಯಿಸಿ ಪರಿಚಯದ ಆಚಾರ್ರ ಅಂಗಡಿಗೆ ಹಾಕಿದೆವು. ಅಂಗಡಿ ಅಂದರೆ ತಗಡಿನ ಮಾಡು, ಒಂದು ಮಷಿನ್ನು, ಇಬ್ಬರು ಹುಡುಗರು, ಅಷ್ಟೇ. ಮರುವರ್ಷ ಮಾರ್ಚಿನಲ್ಲಿ ನಮ್ಮೂರ ದೇವಿ ಮಾರಿಕಾಂಬೆಯ ಮಾರಿಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. ಅಷ್ಟರೊಳಗೆ ಊಟದ ಟೇಬಲ್ ಆಗಲೇಬೇಕು ಎಂದು ಹಟ ಹಿಡಿದೆ.

"ಇನ್ನೂ ಹಸಿ ಅಕ್ಕಾ. ಹಲಗೆ ಒಣಗೋಕೆ ದಪ್ಪದ ಇಂಚಿಗೊಂದು ವರ್ಷ ಲೆಕ್ಕ. ಜಾತ್ರೆ ಆಗಿ ಬರೋ ದೀಪಾವಳಿ ಕಳೀಲಿ" ಅಂದರು.

ಸಿಟ್ಟು ಬಂತು. ಪೇಟೆಯಲ್ಲಿ 14 ಸಾವಿರಕ್ಕೆ ರೆಡಿಮೇಡ್ ಟೇಬಲ್ ತಂದೆ. ಜಾತ್ರೆಗೆ ಚೆಂದ ಕಂಡಿತು. ಆಷಾಢದ ಹೊತ್ತಿಗೆ ಅದರ ಕಾಲಿನ ಬುಡ ನೆನೆದ ರಸ್ಕಿನ ಹಾಗೆ ಉಬ್ಬಿತ್ತು. ಮರದ ಪುಡಿ ಒತ್ತಿ ಮಾಡಿದ ಹಲಗೆ ಅದು. ನಮ್ಮ ಕಡೆಯ ಮಳೆ, ಮೇಲಿಂದ ದಿನಾ ನೆಲ ಒರೆಸುವುದು ಬೇರೆ. ಇನ್ನೇನಾಗಬೇಕು?

ಆಚಾರ್ರ ಟೇಬಲ್ ಬಂದದ್ದು ದೀಪಾವಳಿ ಆದ ಮೇಲೆಯೇ. ಮರ ನಮ್ಮದೇ ಆದರೂ ಕೂಲಿ, ಪಾಲಿಶ್ ಸೇರಿ 22 ಸಾವಿರ. ಜೋಡಿಸುವ ದಿನ ಅಲ್ಲೇ ನಿಂತು ನೋಡಿದೆ. ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸುವಾಗ ತೂತು ದುಂಡಗಿರಲಿಲ್ಲ. ಭತ್ತದ ಕಾಳಿನ ಹಾಗೆ ಉದ್ದಕ್ಕಿತ್ತು. ಕೈ ತಪ್ಪಿರಬೇಕು ಅಂದುಕೊಂಡೆ. ಕೇಳಿದ್ದಕ್ಕೆ, "ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ತದೆ, ಬೇಸಿಗೆಗೆ ಕುಗ್ತದೆ. ಉದ್ದಕ್ಕೆ ಅಷ್ಟಿಲ್ಲ. ಸ್ಕ್ರೂ ಜರುಗೋಕೆ ಜಾಗ ಬಿಡದಿದ್ರೆ ಹಲಗೆ ಸೀಳ್ತದೆ" ಅಂದರು. ಒಂದೊಂದು ತೂತನ್ನೂ ಉಳಿ ಹಿಡಿದು ಬಿಡಿಸಿದ್ದರು. ಟೇಬಲ್ ಅಡಿ ಬಗ್ಗಿ ಇದನ್ನು ನೋಡುವವರು ಯಾರು ಹೇಳಿ?

ನಾವು ಚೌಕಾಸಿ ಮಾಡುವಾಗ ಮರದ ರೇಟು ಕೇಳುತ್ತೇವೆ, ಪಾಲಿಶ್ ಕೇಳುತ್ತೇವೆ. ಹಲಗೆಗಳ ನಡುವೆ ಪಟ್ಟಿ ಇಟ್ಟು, ಗಾಳಿ ಆಡುವ ಹಾಗೆ ಪೇರಿಸಿ, ಆಗಾಗ ತಿರುವಿ ಹಾಕಿ ಒಂದೂವರೆ ವರ್ಷ ಜಾಗ ಕೊಟ್ಟದ್ದಕ್ಕೆ ಬಾಡಿಗೆ ಎಷ್ಟು ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಮಾರಿಕಾಂಬೆಯ ಮೂರ್ತಿಯೇ ಮರದ್ದು. ಶಿರಸಿ, ಸಾಗರ, ಸೊರಬದ ಗುಡಿಗಾರರ ಕೆತ್ತನೆ ಬಗ್ಗೆ ಭಾಷಣ ಮಾಡುತ್ತೇವೆ. ಪಕ್ಕದ ಓಣಿಯ ಅಂಗಡಿಗೆ ಬಂದಾಗ ಮಾತ್ರ ಎರಡು ಸಾವಿರ ಕಮ್ಮಿ ಮಾಡಿ ಅನ್ನುತ್ತೇವೆ.

ಹಾಗಂತ ಆಚಾರ್ರದು ಎಲ್ಲವೂ ಸರಿ ಅಂತಲ್ಲ. ಫೋನ್ ಎತ್ತುವುದಿಲ್ಲ. "ನಾಳೆ" ಅಂದರೆ ಯಾವ ನಾಳೆ ಗೊತ್ತಿಲ್ಲ. ಹಲಗೆ ಒಣಗಲು ತಡ ಆದರೆ ಸರಿ, ಅದನ್ನು ಫೋನ್ ಮಾಡಿ ಹೇಳಲು ಏನು ಕಷ್ಟ? ಯಾವ ಮರ, ಎಷ್ಟು ದಪ್ಪ, ಯಾವ ತಿಂಗಳು ಎಂದು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅರ್ಧ ಜಗಳ ಇರುವುದೇ ಇಲ್ಲ. ಇದನ್ನು ಅವರಿಗೂ ಹೇಳಿದ್ದೇನೆ. ನಕ್ಕು ಸುಮ್ನಾದರು.

ಹೊಸತರಲ್ಲಿ ಅರಿಶಿನದಂತಿದ್ದ ಟೇಬಲ್ ಈಗ ಬೆಲ್ಲದ ಬಣ್ಣಕ್ಕೆ ತಿರುಗುತ್ತಿದೆ. ಅದೇ ಮರದ ನಾಲ್ಕು ಹಲಗೆ ಇನ್ನೂ ಅವರ ಅಂಗಡಿಯಲ್ಲಿವೆ. ಮಗಳಿಗೊಂದು ಮಂಚ ಬೇಕು ಅಂದಿದ್ದೇನೆ. ಯಾವಾಗ ಅಂತ ಈ ಸಲ ನಾನು ಕೇಳಿಲ್ಲ, ಅವರೂ ಹೇಳಿಲ್ಲ.