ಬೆರಳು ನೋಡಿ, ಭಾವ

"ಭಾವ, ನಿಮ್ಮನ್ನ ತುಂಬಾ ಕಾಡೋ ನೆನಪು ಒಂದು ಹೇಳಿ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು?"

ಕೇಳಿದವನು ನನ್ನ ಬಾಮೈದ. ಹೋದ ತಿಂಗಳವರೆಗೂ ಇನ್ಶೂರೆನ್ಸ್ ಏಜೆಂಟ್. ಶನಿವಾರ, ಭಾನುವಾರ ಜೂಮ್ ಮುಂದೆ ಕೂತಿದ್ದ, ಸೋಮವಾರ ಬೆಳಿಗ್ಗೆ 'ಟ್ರಾಮಾ ಹೀಲರ್', ಅಂದರೆ ಮನಸ್ಸಿನ ಗಾಯ ಮಾಯಿಸೋನು, ಆಗಿ ಎದ್ದ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದೂ ಆಗಿತ್ತು.

"ನೀನು ನನ್ನ ತಲೆಗೆ ಕಟ್ಟಿದ ಪಾಲಿಸಿ," ಅಂದೆ. "ಒಂಬತ್ತು."

ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ಬೆರಳೆತ್ತಿ ನನ್ನ ಮೂಗಿನ ಮುಂದೆ ಎಡಕ್ಕೂ ಬಲಕ್ಕೂ ಆಡಿಸತೊಡಗಿದ. ಬೆರಳಲ್ಲಿ ಇನ್ನೂ ಮಧ್ಯಾಹ್ನದ ಸಾರಿನ ಘಮ.

ಇದು ಅವನು ಹುಟ್ಟಿಸಿದ ವಿದ್ಯೆಯೇನಲ್ಲ. 1987ರಲ್ಲಿ ಅಮೆರಿಕದ ಫ್ರಾನ್ಸಿನ್ ಶಪಿರೊ ಪಾರ್ಕಿನಲ್ಲಿ ವಾಕಿಂಗ್ ಹೋಗಿದ್ದರಂತೆ. ಕಣ್ಣು ಆಚೀಚೆ ಓಡಾಡಿದಾಗ ಮನಸ್ಸಿನ ಕಸಿವಿಸಿ ಇಳಿಯಿತು ಅನ್ನಿಸಿತಂತೆ. ಅಲ್ಲಿಂದ ಇಎಂಡಿಆರ್, ಅಂದರೆ ಕಣ್ಣಾಡಿಸಿ ಕಹಿ ನೆನಪಿನ ನೋವು ಇಳಿಸೋ ಚಿಕಿತ್ಸೆ, ಶುರು. ಎಷ್ಟೋ ಜನ ನಕ್ಕರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮನಸ್ಸಿನ ಆಘಾತಕ್ಕೆ ಚಿಕಿತ್ಸೆ ಅಂತ ಇದನ್ನೂ ಶಿಫಾರಸು ಮಾಡಿತು. ಹಾಗಾಗಿ ಚಿಕಿತ್ಸೆಯನ್ನು ನೋಡಿ ನಾನು ನಗುತ್ತಿಲ್ಲ. ನಗು ಬರೋದು ಬೆರಳಿನ ವಿಷಯಕ್ಕೆ. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ರಿಚರ್ಡ್ ಮೆಕ್‌ನಾಲಿ 1999ರಲ್ಲೇ ಕುಟುಕಿದ್ದರು: ಇದರಲ್ಲಿ ಕೆಲಸ ಮಾಡೋದು ಹೊಸದಲ್ಲ, ಹೊಸದು, ಅಂದರೆ ಈ ಕಣ್ಣಾಡಿಸೋದು, ಕೆಲಸ ಮಾಡೋದಿಲ್ಲ ಅಂತ.

ಆಮೇಲೆ ನೋಡಿ ಮಜಾ. ಕಣ್ಣೇ ಬೇಕಂತಿಲ್ಲ, ಕಿವಿಯಲ್ಲಿ ಟಿಕ್ ಟಿಕ್ ಅನ್ನಿಸಿದರೂ, ಮಂಡಿ ತಟ್ಟಿದರೂ ನಡೆಯುತ್ತೆ ಅಂದರು. 2003ರಲ್ಲಿ ಡೇವಿಡ್ ಗ್ರ್ಯಾಂಡ್ ಬಂದು, ಆಡಿಸೋದೇ ಬೇಡ, ಕಣ್ಣನ್ನು ಒಂದು ಕಡೆ ನೆಟ್ಟರೆ ಸಾಕು ಅಂದರು. ಅದು ಬ್ರೇನ್‌ಸ್ಪಾಟಿಂಗ್. 2008ರಲ್ಲಿ ಲೇನಿ ರೋಸೆನ್‌ಜ್ವೈಗ್, ಆಡಿಸಿ, ಆದರೆ ಒಂದರಿಂದ ಐದು ಸಲ ಬಂದರೆ ಮುಗೀತು ಅಂದರು. ಅದು ಎಆರ್‌ಟಿ, ಆಕ್ಸಿಲರೇಟೆಡ್ ರೆಸಲ್ಯೂಷನ್ ಥೆರಪಿ. ನನ್ನ ಬಾಮೈದ ಹದಿನೈದು ನಿಮಿಷ ಅನ್ನುತ್ತಾನೆ. ಅವನ ಮಗಳ ಫೋನಿನಲ್ಲಿ ಒಂದು ರೀಲ್ ಇದೆ, ಹಸಿರು ಚುಕ್ಕಿ ಆಕಡೆ ಈಕಡೆ ಪುಟಿಯುತ್ತದೆ, ಒಂದೇ ನಿಮಿಷಕ್ಕೆ ಬಾಲ್ಯವೆಲ್ಲ ಕ್ಲೀನ್. ಸಂತೆಯಲ್ಲಿ ಸಂಜೆಯಾದ ಮೇಲೆ ಟೊಮೇಟೊ ರೇಟು ಇಳಿಯೋದೂ ಹೀಗೇ ಅಲ್ವಾ.

ಬರೀ ಕಣ್ಣು ಎಡಬಲ ಓಡಿದರೆ ವಾಸಿಯಾಗೋದಾದರೆ ನಮ್ಮ ಮದುವೆ ಪಂಕ್ತಿಗಿಂತ ದೊಡ್ಡ ಆಸ್ಪತ್ರೆ ಬೇಕೇ? ಹೋಳಿಗೆ ತಟ್ಟೆ ಆ ತುದಿಯಿಂದ ಹೊರಡುತ್ತದೆ. ಇನ್ನೂರು ಜೋಡಿ ಕಣ್ಣು ಅದರ ಹಿಂದೆಯೇ ಹೊರಡುತ್ತವೆ. ತಟ್ಟೆ ತಿರುಗಿದರೆ ಕಣ್ಣೂ ತಿರುಗುತ್ತವೆ. ನಮಗಿಂತ ಎರಡೆಲೆ ಹಿಂದೆಯೇ ಹೋಳಿಗೆ ಖಾಲಿ. ಇದ್ದ ಆಘಾತ ಹೋಗೋದಿರಲಿ, ಹೊಸದೊಂದು ಸೇರಿಕೊಂಡಿರುತ್ತದೆ.

"ಇದಕ್ಕೆ ಎಂಟು ಹಂತ ಇದೆಯಂತಲ್ಲೋ," ಅಂದೆ. "ಹಳೇದನ್ನೆಲ್ಲ ಕೇಳಿ ತಿಳ್ಕೋಬೇಕು, ಮನಸ್ಸನ್ನ ಹದ ಮಾಡಬೇಕು, ಬೆರಳು ಬರೋದು ನಾಲ್ಕನೇದಕ್ಕೆ. ಮೊದಲಿನ ಮೂರು ಎಲ್ಲಿ?"

"ಅವು ಅಡ್ವಾನ್ಸ್ ಕೋರ್ಸಲ್ಲಿ ಬರ್ತವೆ ಭಾವ."

"ನಿಮ್ಹಾನ್ಸ್‌ನಲ್ಲಿ ಎಂಫಿಲ್ ಮಾಡಿದೋರು ಎರಡು ವರ್ಷ ಓದಿರ್ತಾರೆ."

"ಅವರಿಗೆ ವೀಕೆಂಡ್ ರಜಾ ಇರುತ್ತಲ್ಲ, ಅದಕ್ಕೇ ಅಷ್ಟು ಹಿಡಿಯುತ್ತೆ."

ಮತ್ತೆ ಬೆರಳು. ನಿಜ ಹೇಳ್ತೀನಿ, ಒಂಚೂರು ಹಗುರಾಯ್ತು. ಒಂದು ನೆನಪನ್ನು ಹಿಡಿದುಕೊಂಡೇ ಇನ್ನೊಂದು ಕೆಲಸ ಮಾಡಿದರೆ ನೆನಪಿನ ಬಣ್ಣ ಮಾಸುತ್ತದೆ ಅಂತ ಸಂಶೋಧಕರೂ ಹೇಳುತ್ತಾರೆ. ಹಾಗಾದರೆ ಬಟಾಣಿ ಬಿಡಿಸಿದ್ದರೂ ನಡೀತಿತ್ತೇನೋ. ರಾತ್ರಿ ಪಲ್ಯವಾದರೂ ಆಗ್ತಿತ್ತು.

"ಈಗ ಎಷ್ಟು ಭಾವ?"

"ಆರು. ಕಣ್ಣು ನೋಯ್ತಿದೆ."

ಒಂಬತ್ತರಿಂದ ಆರಕ್ಕೆ! ಅವನು ಸಂಭ್ರಮದಿಂದ ನನ್ನ ಫೋಟೊ ತೆಗೆದ. ಗೂಗಲ್‌ನಲ್ಲಿ ಐದು ಸ್ಟಾರ್ ಕೊಡಿ ಅಂತ ಲಿಂಕ್ ಕಳಿಸಿದ. ಫೋನ್ ತೆಗೆದೆ. ಲಿಂಕಿನ ಮೇಲೆಯೇ ಇನ್ನೊಂದು ಮೆಸೇಜ್ ಬಂದು ಕೂತಿತ್ತು. ಎಡದಿಂದ ಬಲಕ್ಕೆ ಓದಿದೆ. ಪ್ರೀಮಿಯಂ ಕಟ್ಟಲು ನಾಳೆ ಕೊನೇ ದಿನ.

"ಹತ್ತು," ಅಂದೆ.