“ನಂಗೆ ಎಲ್ಲರೂ ಒಂದೇ” ಅನ್ನೋ ಮಹಾನುಭಾವರಿಗೆ

ಮಧ್ಯಾಹ್ನದ ಮೀಟಿಂಗ್ ಮುಗಿಸಿ ಬಂದಾಗಿಂದ ತಲೆ ಕೆಟ್ಟಿದೆ. ಕೆಲಸಕ್ಕೆ ಸೇರಿ ಮೂರು ವಾರ ಆಗಿರೋ ಹುಡುಗ ಬರೆದ ಸಾಫ್ಟ್‌ವೇರ್ ಕೋಡನ್ನ ಸೀನಿಯರ್ ಒಬ್ಬರು ದೊಡ್ಡ ಸ್ಕ್ರೀನಿಗೆ ಹಾಕಿ, ಹನ್ನೊಂದು ಜನರೆದುರು ಸಾಲು ಸಾಲಿಗೂ “ಇದ್ಯಾಕೆ? ಇದ್ಯಾಕೆ?” ಅಂತ ಕೇಳಿದ್ರು. ನಾಲ್ಕನೇ “ಯಾಕೆ”ಗೆ ಹುಡುಗನ ಬಾಯಿ ಕಟ್ಟಿಹೋಯ್ತು. ಆಮೇಲೆ ನಾನು ಆ ಸೀನಿಯರನ್ನ ಪಕ್ಕಕ್ಕೆ ಕರೆದು ಹೇಳಿದ್ರೆ, “ನಂಗೆ ಎಲ್ಲರೂ ಒಂದೇ. ಭೇದಭಾವ ಮಾಡಲ್ಲ” ಅಂದ್ರು. ಏನ್ ಹೆಮ್ಮೆ ಅಂತೀರಿ!

ಸಾರ್, ಸಮಾನತೆ ಅಂತ ಹೆಸರಿಟ್ಟುಕೊಂಡ ಸೋಮಾರಿತನ ಇದು. ಇದೇ ಪ್ರಶ್ನೆಗಳನ್ನ ಆರು ವರ್ಷ ಪಳಗಿದವರಿಗೆ ಕೇಳಿ, ಖುಷಿಯಾಗಿ ವಾದಕ್ಕೇ ಇಳೀತಾರೆ. ಮೂರು ವಾರದ ಹುಡುಗನಿಗೆ ಮೊದಲು ಮಾಡಿ ತೋರಿಸಬೇಕು. ಹರ್ಸಿ, ಬ್ಲಾಂಚರ್ಡ್ ಅನ್ನೋ ಇಬ್ಬರು ಮ್ಯಾನೇಜ್‌ಮೆಂಟ್ ಪಂಡಿತರು 1969ರಲ್ಲೇ ಹೇಳಿದ್ದು, ಎದುರಿಗಿರೋರ ಹದ ನೋಡಿ ಮುಂದಾಳು ತನ್ನ ರೀತಿ ಬದಲಿಸಿಕೊಳ್ಳಬೇಕು ಅಂತ. ವರ್ಷಕ್ಕೊಂದು ಟ್ರೈನಿಂಗಲ್ಲಿ ನಮಗೆಲ್ಲ ಅವರ ನಾಲ್ಕು ಚೌಕದ ಚಿತ್ರ, ಅಂದ್ರೆ ಯಾರ ಜೊತೆ ಯಾವ ರೀತಿ ಅನ್ನೋದರ ನಕ್ಷೆ, ತೋರಿಸ್ತಾರೆ. ಸರ್ಟಿಫಿಕೇಟ್ ಪ್ರಿಂಟ್ ತೆಗೆದು ಮರೀತೀವಿ.

ಬೈಯೋಕೆ ನಂಗೇನು ಯೋಗ್ಯತೆ ಅಂತೀರಾ? ಹೇಳಿಬಿಡ್ತೀನಿ. ಹಿಂದೊಮ್ಮೆ ನನಗಿಂತ ಅನುಭವಿಯೊಬ್ಬರು ನಮ್ಮ ತಂಡಕ್ಕೆ ಬಂದ್ರು. ದಿನಾ ಅರ್ಧ ಗಂಟೆ ಕೂರಿಸ್ಕೊಂಡು ಅಆಇಈಯಿಂದ ಶುರು ಮಾಡ್ತಿದ್ದೆ. ಮಹಾ ಉಪಕಾರ ಮಾಡ್ತಿದೀನಿ ಅನ್ನೋ ಭ್ರಮೆ ಬೇರೆ. ತಿಂಗಳಾದ ಮೇಲೆ ಮೆಲ್ಲಗೆ ಕೇಳಿದ್ರು: “ನನ್ನ ಮೇಲೆ ನಂಬಿಕೆ ಇಲ್ವಾ?” ಹೊಸಬರಿಗೆ ಆಸರೆಯಾಗೋ ವಿವರಣೆಯೇ ಬಲ್ಲವರಿಗೆ ಅಡ್ಡಿಯಾಗಬಹುದು ಅಂತ ಕಲಿಕೆಯ ಸಂಶೋಧಕರು 2003ರಲ್ಲೇ ಒಂದು ಹೆಸರನ್ನೂ ಇಟ್ಟು ಬರೆದಿದ್ದಾರಂತೆ. ನಾನು ಓದಿದ್ದು ಆಮೇಲೆ, ಅನಾಹುತ ಮುಗಿದ ಮೇಲೆ.

ಅವಮಾನಕ್ಕೆ ಇನ್ನೊಂದು ತುದಿಗೆ ಹಾರಿದೆ. ಅವರನ್ನ ಪೂರ್ತಿ ಬಿಟ್ಟೇಬಿಟ್ಟೆ. ಕೋಡಿಂಗಲ್ಲಿ ಅವರು ಹುಲಿ, ಸರಿ. ಆದರೆ ನಮ್ಮ ರಿಲೀಸ್ ಪದ್ಧತಿ, ಅಂದ್ರೆ ಸಿದ್ಧವಾದ ಸಾಫ್ಟ್‌ವೇರನ್ನ ಬಳಕೆಗೆ ಬಿಡೋ ಕ್ರಮ, ಅವರಿಗೆ ಹೊಸದು, ಅದನ್ನಾದರೂ ಹೇಳಿಕೊಡಬೇಕಿತ್ತು. ಒಂದು ರಾತ್ರಿಯಿಡೀ ಒಬ್ಬರೇ ಒದ್ದಾಡಿದ್ರು, ಸಂಕೋಚಕ್ಕೆ ನನಗೆ ಫೋನೂ ಮಾಡಲಿಲ್ಲ. ಮನುಷ್ಯ ಒಬ್ಬರೇ ಆದ್ರೂ ಒಂದು ಕೆಲಸಕ್ಕೆ ಬಿಟ್ಟುಬಿಡಬೇಕು, ಇನ್ನೊಂದಕ್ಕೆ ಪಕ್ಕದಲ್ಲಿ ಕೂರಬೇಕು. ಇನ್ನು “ಎಲ್ಲರಿಗೂ ಒಂದೇ ಥರ” ಎಲ್ಲಿಂದ ಬಂತು?

“ಹತ್ತು ಜನಕ್ಕೆ ಹತ್ತು ಥರ ಹೇಳ್ತಾ ಕೂತ್ರೆ ನಮ್ಮ ಕೆಲಸ ಯಾವಾಗ ಮಾಡೋದು?” ಅಂತ ಕಾಮೆಂಟ್ ಬರುತ್ತೆ, ಗೊತ್ತು. ಹತ್ತು ಥರ ಯಾರು ಕೇಳಿದ್ರು? “ಇದನ್ನ ಮುಂಚೆ ಮಾಡಿದೀರಾ?” ಅಂತ ಶುರುವಲ್ಲಿ ಒಂದು ಮಾತು ಕೇಳೋಕೆ ಎಷ್ಟು ಹೊತ್ತು ಬೇಕು? ಪಕ್ಷಪಾತ ಅನ್ನೋರಿಗಂತೂ ಉತ್ತರ ಕೊಡೋಕೂ ಬೇಜಾರು. ಕೆಲಸದ ಗುಣಮಟ್ಟ ಎಲ್ಲರಿಗೂ ಒಂದೇ ಇರಲಿ, ಬೇಡ ಅಂದೋರ್ಯಾರು?

ನಾಳೆ ಬೆಳಿಗ್ಗೆ ಆ ಹುಡುಗನ ಜೊತೆ ಕೂರ್ತೀನಿ. ಸ್ಕ್ರೀನ್ ಚಿಕ್ಕದು, ಇರೋರು ಇಬ್ಬರೇ. ಸಾರ್, ಈ ಪೋಸ್ಟ್ ನೀವೂ ಓದ್ತೀರಿ ಅಂತ ಗೊತ್ತು. ಲೈಕ್ ಒತ್ತದಿದ್ರೂ ಪರವಾಗಿಲ್ಲ.